ಮದ್ದು ಸೊಪ್ಪನ್ನು ಕ್ಲಾಸಿಗೆ ತರೋಣ, ಪರೀಕ್ಷೆಗೂ ಕೂರಿಸೋಣ

ನಾಪೋಕ್ಲು ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಮಗೆ ಬರೆದಿದ್ದಾರೆ: "ಕೊಡಗು ವಿಶ್ವವಿದ್ಯಾಲಯದಲ್ಲಿ ನಾಟಿ ಮದ್ದು, ಪರ್ಯಾಯ ಚಿಕಿತ್ಸೆ ಕಲಿಸುವ ವಿಭಾಗ ಶುರುವಾಗಬೇಕು. ಆದರೆ ಇಂಗ್ಲಿಷ್ ಮದ್ದಿನವರ ಹಾಗೆ ಎಲ್ಲದಕ್ಕೂ ಪರೀಕ್ಷೆ, ಪ್ರಯೋಗ ಅಂತ ಕೂರಬಾರದು. ನೂರಾರು ವರ್ಷದ ಅನುಭವಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ? ನನ್ನ ತಂದೆ ಬರೆದಿಟ್ಟ ಮದ್ದಿನ ಪುಸ್ತಕ ನನ್ನ ಹತ್ತಿರ ಇದೆ. ಅವರು ಮದ್ದು ಕೊಟ್ಟವರ ಹೆಸರನ್ನೂ ಬರೆದಿದ್ದಾರೆ. ಎರಡು ಮದ್ದಿಗೆ ಗೀಟು ಹಾಕಿ 'ಗುಣ ಇಲ್ಲ' ಅಂತಲೂ ಬರೆದಿದ್ದಾರೆ. ಆ ಪುಸ್ತಕವನ್ನು ವಿಭಾಗಕ್ಕೆ ಕೊಡಲು ನಾನು ಸಿದ್ಧ."

ಪ್ರೀತಿಯ ಮೇಷ್ಟ್ರೇ,

ನಿಮ್ಮ ಪತ್ರ ಕೈಗೆ ಬಂದ ದಿನ ಕಕ್ಕಡ ಹದಿನೆಂಟು, ಅಂದರೆ ನಮ್ಮ ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ. ನಮ್ಮ ಅಡುಗೆಮನೆಯಲ್ಲಿ ಮದ್ದು ಸೊಪ್ಪು ಬೇಯುತ್ತಿತ್ತು. ಅಮ್ಮ ಕಡ್ಡಿ ಸಮೇತ ಸೊಪ್ಪನ್ನು ಪಾತ್ರೆಗೆ ಹಾಕಿ ಮುಚ್ಚಿದ್ದರು. ಮುಚ್ಚಳ ತೆಗೆದಾಗ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಸೋಸಿದ ನೀರಿಗೆ ಅಕ್ಕಿ, ಬೆಲ್ಲ, ತೆಂಗಿನಹಾಲು. ಆ ವಾಸನೆ ಮನೆಯ ಗೋಡೆಗಳಲ್ಲಿ ಎರಡು ದಿನ ಇರುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಮಾರನೇ ದಿನ ಮೂತ್ರ ಕೆಂಪಗೆ ಹೋದರೆ "ನೋಡು, ಮದ್ದು ಹಿಡಿದಿದೆ" ಅನ್ನುತ್ತಾರೆ ಅಮ್ಮ.

ಹದಿನೆಂಟನೇ ದಿನ ಸೊಪ್ಪಿಗೆ ಹದಿನೆಂಟು ಥರದ ಮದ್ದಿನ ಗುಣ ಬರುತ್ತದೆ ಅನ್ನುವ ನಂಬಿಕೆಯಲ್ಲೇ ನಾನು ಬೆಳೆದದ್ದು. ಈಗಲೂ ಬಟ್ಟಲು ತುಂಬ ತಿನ್ನುತ್ತೇನೆ. ಆದರೆ ಮೂತ್ರದ ಬಣ್ಣ ಹೇಳುವುದು ಇಷ್ಟೇ: ಸೊಪ್ಪಿನ ಬಣ್ಣ ಮೈಯೊಳಗೆ ಹೋಗಿ ಹೊರಗೆ ಬಂತು. ಬೀಟ್‌ರೂಟ್ ತಿಂದರೂ ಕೆಲವರಿಗೆ ಹಾಗೇ ಆಗುತ್ತದೆ ಅಲ್ವಾ? ಈ ಗಿಡದ ವೈಜ್ಞಾನಿಕ ಹೆಸರು ಜಸ್ಟೀಸಿಯಾ ವೈನಾಡೆನ್ಸಿಸ್. ಪ್ರಯೋಗಶಾಲೆಯಲ್ಲಿ ಇದರ ರಸದಲ್ಲಿ ಆಂಟಿಆಕ್ಸಿಡೆಂಟ್ ಗುಣ ಕಂಡಿದೆ. ಆದರೆ ಗಾಜಿನ ಕೊಳವೆಯಲ್ಲಿ ಆದದ್ದು ಮನುಷ್ಯನ ಮೈಯಲ್ಲೂ ಆಗುತ್ತದೆ ಅಂತ ಹೇಳಲಾಗುವುದಿಲ್ಲ.

ನಿಮ್ಮ ವಿಭಾಗದ ಮೊದಲ ಕೆಲಸ ಇಲ್ಲೇ ಇದೆ. ಒಂದೇ ತೋಟದ ಸೊಪ್ಪನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರವಾರ ಕೊಯ್ದು, ಒಣಗಿಸಿ, ಅಳೆಯಲಿ. ಕಕ್ಕಡ ಹದಿನೆಂಟರ ಸೊಪ್ಪು ನಿಜಕ್ಕೂ ಬೇರೆಯೇ? ಗಿಡ ಗುರುತಿಸುವವರು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಸಿಗುತ್ತಾರೆ. 2016ರಲ್ಲಿ ಶುರುವಾದ ವೈದ್ಯಕೀಯ ಕಾಲೇಜು ಮಡಿಕೇರಿಯಲ್ಲೇ ಇದೆ. 2023ರಲ್ಲಿ ಚಿಕ್ಕ ಅಳುವಾರದಲ್ಲಿ ಶುರುವಾದ ನಮ್ಮ ವಿಶ್ವವಿದ್ಯಾಲಯ ಇವರನ್ನು ಒಂದು ಮೇಜಿಗೆ ಕೂರಿಸಿದರೆ ಸಾಕು. ವೈದ್ಯರನ್ನು ತಯಾರು ಮಾಡುವ ಕೆಲಸ ಅದಕ್ಕೆ ಬೇಡ. ಅದಕ್ಕೆ ಐದೂವರೆ ವರ್ಷದ ಆಯುರ್ವೇದ ಪದವಿ ಬಿಎಎಂಎಸ್ ಬೇರೆ ಇದೆ.

ಅನುಭವವೇ ಸಾಕ್ಷಿ ಅಂದಿರಿ. ಇದನ್ನು ಒಪ್ಪಲು ನನಗೆ ಆಗುವುದಿಲ್ಲ, ಕಾರಣ ಹೇಳುತ್ತೇನೆ. ನನ್ನ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಮದ್ದು ಕೊಡುವವರೊಬ್ಬರ ಮಾತು ಕೇಳಿ ಇನ್ಸುಲಿನ್ ಬಿಟ್ಟು ಕಷಾಯ ಕುಡಿದರು. ಮೈ ಹಗುರ ಆಯ್ತು ಅಂತ ಖುಷಿಯಲ್ಲೇ ಇದ್ದರು. ಮೂರು ತಿಂಗಳಿಗೆ ಕಾಲಿನ ಗಾಯ ಕೊಳೆತು ಹೆಬ್ಬೆರಳು ತೆಗೆಯಬೇಕಾಯಿತು. ಮದ್ದು ಕೊಟ್ಟವರು ಮೋಸಗಾರರಲ್ಲ, ದುಡ್ಡೂ ಮುಟ್ಟುತ್ತಿರಲಿಲ್ಲ. ವಾಸಿಯಾದವರು ಬಾಳೆಗೊನೆ ಹಿಡಿದು ಅವರ ಅಂಗಳಕ್ಕೆ ಬರುತ್ತಿದ್ದರು. ವಾಸಿಯಾಗದವರು ಸುಮ್ನೆ ಬೇರೆ ಕಡೆ ಹೋಗುತ್ತಿದ್ದರು. ದೊಡ್ಡಮ್ಮನೂ ತಿರುಗಿ ಹೋಗಿ ಹೇಳಲಿಲ್ಲ. ಹೀಗೆ ನಲವತ್ತು ವರ್ಷ ಅವರು ಕಂಡದ್ದು ಬಾಳೆಗೊನೆ ಮಾತ್ರ. ಬಾರದೆ ಹೋದವರ ಲೆಕ್ಕವನ್ನು ಯಾರಾದರೂ ಇಡಬೇಕು ಮೇಷ್ಟ್ರೇ. ಪರೀಕ್ಷೆ ಅಂದರೆ ಅಷ್ಟೇ.

ರೋಗಿ "ಹಗುರ ಆಯ್ತು" ಅಂದರೂ ಸಾಲದು. 2011ರಲ್ಲಿ ಅಮೆರಿಕದಲ್ಲಿ ಉಬ್ಬಸದವರ ಮೇಲೆ ಒಂದು ಪ್ರಯೋಗ ನಡೆಯಿತು. ಅದೇ ರೋಗಿಗಳಿಗೆ ಒಮ್ಮೆ ನಿಜವಾದ ಇನ್‌ಹೇಲರ್, ಒಮ್ಮೆ ಮದ್ದಿಲ್ಲದ ಇನ್‌ಹೇಲರ್, ಒಮ್ಮೆ ಚರ್ಮ ಚುಚ್ಚದ ನಕಲಿ ಅಕ್ಯುಪಂಕ್ಚರ್ ಕೊಟ್ಟರು. ಒಮ್ಮೆ ಏನೂ ಕೊಡಲಿಲ್ಲ. ಮೊದಲ ಮೂರರಲ್ಲೂ ರೋಗಿಗಳು ಹೆಚ್ಚುಕಮ್ಮಿ ಒಂದೇ ಸಮ ಸುಖವಾಯ್ತು ಅಂದರು. ಆದರೆ ಊದುವ ಯಂತ್ರದಲ್ಲಿ ಉಸಿರು ಅಳೆದಾಗ ನಿಜವಾದ ಮದ್ದಿಗೆ 20 ಶೇಕಡಾ ಸುಧಾರಣೆ, ಉಳಿದ ಮೂರಕ್ಕೂ ಸುಮಾರು 7 ಶೇಕಡಾ. ನಮ್ಮ ಮಳೆಗಾಲದಲ್ಲಿ ಉಬ್ಬಸದಿಂದ ರಾತ್ರಿಯಿಡೀ ಕೂತೇ ಕಳೆಯುವವರು ಎಷ್ಟು ಜನ ಇದ್ದಾರೆ! ಅವರಿಗೆ ಸುಖವೂ ಬೇಕು, ಉಸಿರೂ ಬೇಕು. ನಾನು ಪಾಠ ಮಾಡುವುದಾದರೆ ಮೊದಲ ಕ್ಲಾಸಿಗೆ ಇದನ್ನೇ ಇಡುತ್ತಿದ್ದೆ.

ಇಂಥ ವಿಭಾಗ ಹೊಸದೇನಲ್ಲ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯ 1993ರಲ್ಲಿ ಎಡ್ಜಾರ್ಡ್ ಅರ್ನ್ಸ್ಟ್ ಅವರನ್ನು ಪೂರಕ ವೈದ್ಯದ ಪ್ರೊಫೆಸರ್ ಮಾಡಿತು. ಅವರು ಹಿಂದೆ ಹೋಮಿಯೋಪತಿ ಆಸ್ಪತ್ರೆಯಲ್ಲೇ ಕೆಲಸ ಮಾಡಿದ್ದವರು. ಒಂದೊಂದೇ ಚಿಕಿತ್ಸೆ ತೆಗೆದುಕೊಂಡು ಪರೀಕ್ಷಿಸಿದರು. ಹೋಮಿಯೋಪತಿ ಖಾಲಿ ಗುಳಿಗೆಗಿಂತ ಮೇಲಲ್ಲ ಅಂತ ಹೇಳಬೇಕಾಯಿತು, ಹೇಳಿದರು. ಕೆಲವು ಗಿಡಮೂಲಿಕೆಗಳು ಕೆಲಸ ಮಾಡುತ್ತವೆ ಅಂತಲೂ ಹೇಳಿದರು. "ಇದು ನಡೆಯುವುದಿಲ್ಲ" ಅನ್ನುವ ಸ್ವಾತಂತ್ರ್ಯ ಇಲ್ಲದ ವಿಭಾಗ ನಮಗೆ ಬೇಡವೇ ಬೇಡ. ಅದು ಪ್ರಚಾರದ ಕಚೇರಿ ಆಗಿಬಿಡುತ್ತದೆ.

ನಮ್ಮ ಕಾಚಂಪುಳಿಯನ್ನೇ ನೋಡಿ. ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಹುಳಿ ಕೊಡುವ ಅದೇ ಹಣ್ಣಿನ ಸಾರ ಗಾರ್ಸೀನಿಯಾ ಅನ್ನುವ ಹೆಸರಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಜಗತ್ತೆಲ್ಲ ಮಾರಾಟವಾಯಿತು. 1998ರಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿದರೆ ಖಾಲಿ ಮಾತ್ರೆಗಿಂತ ಜಾಸ್ತಿ ತೂಕ ಇಳಿಯಲಿಲ್ಲ. ಆಮೇಲೆ ಇಂಥ ಮಾತ್ರೆ ತಿಂದ ಕೆಲವರ ಲಿವರ್ ಕೆಟ್ಟ ವರದಿಗಳೂ ಬಂದವು. ಪಂದಿ ಕರಿಗೆ ಇದರಿಂದ ಏನೂ ಕುಂದಿಲ್ಲ, ಧೈರ್ಯವಾಗಿ ಉಣ್ಣಿ!

ಪರೀಕ್ಷೆ ಅಂದರೆ ಹಿರಿಯರಿಗೆ ಅವಮಾನ ಅಂತ ನಿಮಗೆ ಅನಿಸಿದ ಹಾಗಿದೆ. ಚೀನಾದ ತು ಯೂಯೂ ಮಲೇರಿಯಾಕ್ಕೆ ಮದ್ದು ಹುಡುಕುತ್ತಿದ್ದಾಗ ಒಂದು ಸೊಪ್ಪಿನ ಸಾರ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಕೈಕೊಡುತ್ತಿತ್ತು. ಅವರು 1600 ವರ್ಷಕ್ಕೂ ಹಳೆಯ ಪುಸ್ತಕವನ್ನು ಮತ್ತೆ ತೆರೆದರು. ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಿರಿ ಅಂತ ಅಲ್ಲಿತ್ತು. ಕುದಿಸಿ ಅಂತ ಇರಲಿಲ್ಲ. ಬಿಸಿಗೆ ಗುಣ ಹಾಳಾಗುತ್ತಿರಬಹುದು ಅಂತ ಹೊಳೆಯಿತು. ಕಡಿಮೆ ಶಾಖದಲ್ಲಿ ಸಾರ ತೆಗೆದರು, ಮೊದಲು ತಾವೇ ಕುಡಿದು ನೋಡಿದರು, ಆಮೇಲೆ ರೋಗಿಗಳಿಗೆ ಕೊಟ್ಟರು. 2015ರಲ್ಲಿ ನೊಬೆಲ್ ಬಂತು. ಹಳೆಯವರ ಒಂದೊಂದು ಪದವನ್ನೂ ಅಷ್ಟು ಗಮನ ಕೊಟ್ಟು ಓದಿದ್ದು ಆ ಪರೀಕ್ಷೆಯ ಹಟದಿಂದಲೇ ಅಲ್ವಾ?

ಇನ್ನೊಂದು ವಿಷಯವನ್ನು ಬರೆದೇ ಶುರುಮಾಡಬೇಕು. ಕಾಡಿನ ಮದ್ದು ಜಾಸ್ತಿ ಗೊತ್ತಿರುವುದು ನಮ್ಮ ಬುಡಕಟ್ಟುಗಳಾದ ಕುಡಿಯರಿಗೆ, ಎರವರಿಗೆ, ಜೇನುಕುರುಬರಿಗೆ. ಕೇರಳದ ಕಾಣಿ ಬುಡಕಟ್ಟಿನ ಜನ ತೋರಿಸಿದ ಆರೋಗ್ಯಪಚ್ಚ ಗಿಡದಿಂದ 'ಜೀವನಿ' ಅನ್ನುವ ಔಷಧ ಬಂದಾಗ, ಲೈಸೆನ್ಸ್ ಹಣ ಮತ್ತು ರಾಯಲ್ಟಿಯ ಅರ್ಧವನ್ನು ಆ ಸಮುದಾಯಕ್ಕೆ ಕೊಡುವ ಏರ್ಪಾಡಾಯಿತು. ಇಲ್ಲಿ ಗಿಡ ತೋರಿಸಿದವರ ಹೆಸರು, ಒಪ್ಪಿಗೆ, ಪಾಲು ಮೂರೂ ಮೊದಲೇ ಕಾಗದದ ಮೇಲೆ ಬರಲಿ.

ಈಗ ನಿಮ್ಮ ತಂದೆಯವರ ಪುಸ್ತಕ. ಅವರು ಎರಡು ಮದ್ದಿಗೆ ಗೀಟು ಹಾಕಿದ್ದಾರೆ ಅಂದಿರಿ. ಪತ್ರದ ಆ ಸಾಲನ್ನು ನಾನು ನಾಲ್ಕು ಸಲ ಓದಿದೆ. ಬಾಳೆಗೊನೆ ತಾರದವರನ್ನೂ ಅವರು ಲೆಕ್ಕಕ್ಕೆ ಹಿಡಿದಿದ್ದರು! ಪುಸ್ತಕವನ್ನು ಯಾರಿಗೂ ಸುಮ್ನೆ ಎತ್ತಿಕೊಡಬೇಡಿ. ಮಳೆಯ ತೇವ ತಾಗುವ ಮುಂಚೆ ಪ್ರತಿ ಪುಟದ ಫೋಟೋ ತೆಗೆಸಿ. ಗುರುತು ಸಿಕ್ಕಿದ ಗಿಡಗಳನ್ನು ಹೂ ಸಮೇತ ಕಾಗದದ ನಡುವೆ ಒಣಗಿಸಿಡಿ. ಆ ಎರಡು ಮದ್ದಿನ ಪುಟವನ್ನು ನಮಗೂ ಕಳಿಸಿ. ರೋಗಿಗಳ ಹೆಸರು ಮುಚ್ಚಿ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

– ಸಂ.