ಎಂ.ಫಾರ್ಮ್‌ಗೆ ಸೇರಿದರೆ ಇಲಿ, ಮಂಗಗಳ ಮೇಲೆ ಪ್ರಯೋಗ ಮಾಡಲೇಬೇಕಾ?

ನಿಮ್ಮ ತಂಗಿಗೆ ಮಂಗಳೂರಿನಲ್ಲಿ ಎಂ.ಫಾರ್ಮ್ ಫಾರ್ಮಕಾಲಜಿ (ಔಷಧಿಗಳು ದೇಹದಲ್ಲಿ ಹೇಗೆ ಕೆಲಸ ಮಾಡುತ್ತವೆ ಅನ್ನುವ ಓದು) ಸೀಟು ಸಿಕ್ಕಿದೆ, ಪ್ರಾಣಿ ಕೊಲ್ಲಬೇಕಾಗುತ್ತದೆ ಅಂತ ಅವಳು ಹಿಂದೇಟು ಹಾಕುತ್ತಿದ್ದಾಳೆ, ಮಂಗಗಳ ಮೇಲೂ ಪ್ರಯೋಗ ಇರುತ್ತಾ ಅಂತ ಕೇಳಿದ್ದೀರಿ. ನಾನು ಇದೇ ಊರಿನಲ್ಲಿ ಅದೇ ವಿಷಯ ಓದಿ, ಈಗ ಒಂದು ಕಾಲೇಜಿನಲ್ಲಿ ಪ್ರಯೋಗದ ಪ್ರಾಣಿಗಳನ್ನು ಸಾಕುವ ಅನಿಮಲ್ ಹೌಸ್ ನೋಡಿಕೊಳ್ಳುತ್ತಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಮಂಗದ ಭಯ ಬೇಡ. ಇಲಿ, ಮೊಲದಂಥ ಸಣ್ಣ ಪ್ರಾಣಿಗಳಿಗೆ ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಡಬಹುದು. ನಾಯಿ, ಮಂಗ ಅಂದರೆ ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರದ ಸಿಸಿಎಸ್‌ಇಎ ಸಮಿತಿಯೇ ಒಪ್ಪಬೇಕು. ಸಣ್ಣ ಪ್ರಾಣಿಯಲ್ಲಿ ಆಗುವ ಕೆಲಸಕ್ಕೆ ಆದಷ್ಟು ದೊಡ್ಡ ಪ್ರಾಣಿ ಬಳಸಬಾರದು ಅಂತ 1960ರ ಪ್ರಾಣಿ ಹಿಂಸೆ ತಡೆ ಕಾನೂನಿನಲ್ಲೇ ಇದೆ. ಎಂ.ಫಾರ್ಮ್ ಥೀಸಿಸ್‌ಗೆ ಮಂಗದ ಮಾತೇ ಬರುವುದಿಲ್ಲ.

ಆದರೆ ಮಂಗಗಳ ಮೇಲೆ ಪ್ರಯೋಗ ಎಲ್ಲೂ ಬೇಡ ಅನ್ನಲು ನನ್ನಿಂದ ಆಗುವುದಿಲ್ಲ. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದದ್ದು, 80ರ ದಶಕದಲ್ಲಿ ನಮ್ಮ ಬೆಳ್ತಂಗಡಿಗೂ ಬಂತು. ಉಣುಗು ಕಚ್ಚಿ ಬರುವ ಆ ಜ್ವರಕ್ಕೆ ಇಂಥದ್ದೇ ಅಂತ ಔಷಧಿ ಇಲ್ಲ. ಹಳೆ ಲಸಿಕೆ ಸರಿಯಾಗಿ ರಕ್ಷಣೆ ಕೊಡುತ್ತಿಲ್ಲ ಅಂತ ನಿಲ್ಲಿಸಿದರು. ಕಾಡಿನಲ್ಲಿ ಆ ವೈರಸ್‌ಗೆ ಸಾಯುವುದೇ ಮಂಗ, ಮುಸುವಗಳು. ಹಟ್ಟಿಗೆ ತರಗೆಲೆ ತರಲು ಕಾಡಿಗೆ ಹೋಗುವ ಹೆಂಗಸಿನ ತೋಳಿಗೆ ಹೊಸ ಲಸಿಕೆ ಚುಚ್ಚುವ ಮುಂಚೆ ಅದನ್ನು ಕೆಲವು ಮಂಗಗಳಲ್ಲಿ ನೋಡಿದರೆ ನಾನು ತಪ್ಪು ಅನ್ನಲಾರೆ. 2020ರಲ್ಲಿ ಕೋವಿಡ್ ಲಸಿಕೆ ಕೋವ್ಯಾಕ್ಸಿನ್‌ಗೂ ಪುಣೆಯ ವೈರಾಣು ಸಂಸ್ಥೆ ಎನ್‌ಐವಿಯವರು 20 ರೀಸಸ್ ಮಂಗಗಳನ್ನು ಬಳಸಿದ್ದರು. ಲಸಿಕೆ ಹಾಕಿದವುಗಳಲ್ಲಿ ನ್ಯುಮೋನಿಯಾ ಕಾಣಲಿಲ್ಲ.

ಹಾಗಂತ ಮಂಗದಲ್ಲಿ ಸರಿಹೋದದ್ದು ನಮಗೂ ಸರಿಹೋಗುತ್ತದೆ ಅಂತೇನಿಲ್ಲ. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್ 1412 ಎಂಬ ಔಷಧಿಯನ್ನು ಆರು ಜನ ಆರೋಗ್ಯವಂತ ಗಂಡಸರಿಗೆ ಕೊಟ್ಟರು. ಅದರ 500 ಪಟ್ಟು ಡೋಸನ್ನು ಮಂಗಗಳು ತಡೆದುಕೊಂಡಿದ್ದವು. ಆರೂ ಜನ ಐಸಿಯು ಸೇರಿದರು.

ನನ್ನ ಹೊಟ್ಟೆ ಉರಿಯುವುದು ಇಲಿಗಳ ವಿಷಯದಲ್ಲಿ. ಮಂಗ ಅಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಇಲಿ ಅಂದರೆ ‘ಇಲಿ ತಾನೇ’ ಅಂತಾರೆ. ಯಾವುದೋ ಗಿಡದ ಎಲೆ ಒಣಗಿಸಿ ಸಾರ ತೆಗೆಯುತ್ತಾರೆ. ಸ್ಟ್ರೆಪ್ಟೋಜೋಟೋಸಿನ್ ಎಂಬ ರಾಸಾಯನಿಕ ಚುಚ್ಚಿ ಇಲಿಗೆ ಶುಗರ್ ಬರಿಸುತ್ತಾರೆ. ಸಾರ ಕುಡಿಸಿ, ಶುಗರ್ ಇಳಿಯಿತಾ ನೋಡುತ್ತಾರೆ. ಗುಂಪಿಗೆ ಆರರಂತೆ ಐದು ಗುಂಪು, 30 ಇಲಿ. ಕೊನೆಗೆ ಅರಿವಳಿಕೆ ಜಾಸ್ತಿ ಕೊಟ್ಟು ಕೊಂದು ಲಿವರ್, ಪ್ಯಾಂಕ್ರಿಯಾಸ್ ತೆಗೆಯುತ್ತಾರೆ. ಎಷ್ಟೋ ಸಲ ಅದೇ ಗಿಡದ ಮೇಲೆ ಬೇರೆಯವರು ಆಗಲೇ ಮಾಡಿ ಮುಗಿಸಿರುತ್ತಾರೆ. ಥೀಸಿಸ್ ಬೈಂಡ್ ಆಗಿ ಲೈಬ್ರರಿ ಸೇರುತ್ತದೆ, ಮತ್ತೆ ಯಾರೂ ತೆರೆಯುವುದಿಲ್ಲ. ಇದು ನನ್ನ ಕಣ್ಣಿಗೆ ಅನ್ಯಾಯವೇ.

ಶುಗರ್ ಬಂದ ಇಲಿಯನ್ನು ಹತ್ತಿರದಿಂದ ನೋಡಿದರೆ ನಾನು ಹೇಳುವುದು ಅರ್ಥವಾಗುತ್ತದೆ. ಅದು ನೀರಿನ ನಳಿಗೆ ಬಿಟ್ಟು ಕದಲುವುದಿಲ್ಲ. ಉಚ್ಚೆಯೂ ಅಷ್ಟೇ ಜಾಸ್ತಿ, ಕೆಳಗೆ ಹಾಸಿದ ಉಮಿ ಪೂರಾ ಒದ್ದೆ. ನಮ್ಮ ಮಳೆಗಾಲದಲ್ಲಂತೂ ಚೀಲದಲ್ಲಿರುವ ಉಮಿಯೇ ತೇವ ಎಳೆದುಕೊಂಡಿರುತ್ತದೆ. ಆಗಾಗ ಬದಲಿಸದಿದ್ದರೆ ಅಮೋನಿಯಾಕ್ಕೆ ನಿಂತಿರುವ ನಮ್ಮ ಕಣ್ಣೇ ಉರಿಯುತ್ತದೆ, ಇಲಿಯ ಮೂಗಂತೂ ಆ ಉಮಿಗೇ ತಾಗಿಕೊಂಡಿರುತ್ತದೆ. ಅಂಥ ಪಂಜರದಲ್ಲಿ ಉಸಿರು ಕಟ್ಟಿ ಸೊರಗಿದ ಇಲಿಯ ರಕ್ತದಿಂದ ಬಂದ ರೀಡಿಂಗ್ ಯಾವ ಲೆಕ್ಕಕ್ಕೆ? ಪ್ರಾಣಿಗೂ ಹಿಂಸೆ, ವಿಜ್ಞಾನಕ್ಕೂ ನಷ್ಟ.

ತಂಗಿ ಸೀಟು ಬಿಡುವುದು ಬೇಡ. ಇಂಥ ಮನಸ್ಸಿರುವವರು ಈ ಕೆಲಸಕ್ಕೆ ಬರಬೇಕು. ಪ್ರಾಕ್ಟಿಕಲ್‌ನಲ್ಲಿ ಇಲಿ ಹಿಡಿಯುವುದನ್ನು ಕಲಿಯಬೇಕಾಗಬಹುದು, ಅದು ನಿಜ. ಆದರೆ ಥೀಸಿಸ್ ವಿಷಯ ಆರಿಸುವಾಗ ಪ್ರಾಣಿ ಬೇಡ ಅಂತ ಗೈಡ್‌ಗೆ ಮೊದಲೇ ಹೇಳಲಿ. ಲ್ಯಾಬ್‌ನಲ್ಲಿ ಬೆಳೆಸಿದ ಜೀವಕೋಶಗಳ ಸೆಲ್ ಲೈನ್ ಇದೆ, ಔಷಧಿಯ ಅಣು ದೇಹದ ಪ್ರೋಟೀನಿಗೆ ಹೇಗೆ ಕೂಡಿಕೊಳ್ಳುತ್ತದೆ ಅಂತ ಕಂಪ್ಯೂಟರ್‌ನಲ್ಲಿ ನೋಡುವ ಡಾಕಿಂಗ್ ಇದೆ, ಆಸ್ಪತ್ರೆಯಲ್ಲಿ ರೋಗಿಗಳ ಔಷಧಿ ಚೀಟಿ ನೋಡಿ ಮಾಡುವ ಅಧ್ಯಯನವೂ ಇದೆ. 2023ರಲ್ಲಿ ಹೊಸ ಔಷಧಿಗಳ ನಿಯಮವನ್ನೇ ತಿದ್ದಿ, ಜೀವಕೋಶ ಮತ್ತು ಕಂಪ್ಯೂಟರ್ ಮಾದರಿಗಳ ಪರೀಕ್ಷೆಗೂ ಜಾಗ ಕೊಟ್ಟಿದ್ದಾರೆ. ಈಗ ಅದನ್ನು ಕಲಿತರೆ ಮುಂದೆ ಕೆಲಸಕ್ಕೂ ಒಳ್ಳೆಯದು.

ಇಲಿಯೇ ಬೇಕು ಅಂತ ಗೈಡ್ ಹೇಳಿದರೆ, ಇದನ್ನು ಮೊದಲು ಯಾರಾದರೂ ಮಾಡಿದ್ದಾರಾ, ಇಷ್ಟೇ ಇಲಿ ಸಾಕು ಅಂತ ಲೆಕ್ಕ ಹಾಕಿದ್ದು ಹೇಗೆ, ನೋವು ಜಾಸ್ತಿಯಾದರೆ ಯಾವ ಹಂತದಲ್ಲಿ ನಿಲ್ಲಿಸುತ್ತೇವೆ ಅಂತ ಕೇಳಲಿ. ಎಥಿಕ್ಸ್ ಕಮಿಟಿಯೂ ಕೇಳಬೇಕಾದ ಪ್ರಶ್ನೆಗಳೇ ಇವು, ಸಂಕೋಚ ಬೇಡ. ಸರಿಯಾದ ಉತ್ತರ ಸಿಗದಿದ್ದರೆ ವಿಷಯ ಗಟ್ಟಿಯಾಗುವ ಮುಂಚೆಯೇ ಬೇರೆ ಗೈಡ್ ಹತ್ತಿರ ಮಾತಾಡಲಿ. ಅರ್ಜಿ ಕಮಿಟಿಗೆ ಹೋದ ಮೇಲೆ ಬದಲಿಸುವುದು ಕಷ್ಟ.