ಚಾರ್ಜ್ ಇದ್ದರೆ ಆಮ್ಲದ ಅಣುಗಳ ಗುಂಪು ಯಾಕೆ ಗಟ್ಟಿ?

ಗಾಳಿಯಲ್ಲಿ ಸಾವಯವ ಆಮ್ಲದ ಅಣುಗಳು ಗುಂಪಾಗಿ ಬೆಳೆಯಲು ಚಾರ್ಜ್ ಹೇಗೆ ನೆರವಾಗುತ್ತದೆ ಎಂದು ಕೇಳಿದ್ದೀರಿ.

ಮುಧೋಳದಲ್ಲಿ ಮಕ್ಕಳಿಗೆ ಇದನ್ನು ಹೇಳುವಾಗ ನಾನು ವಿನೆಗರ್ ಬಾಟಲಿ ಮುಂದಿಡುತ್ತೇನೆ. ಅದರ ಆವಿಯಲ್ಲಿ ಅಸಿಟಿಕ್ ಆಮ್ಲದ ಎರಡು ಅಣುಗಳು ಎದುರುಬದುರು ನಿಂತು ಎರಡೂ ಕೈ ಹಿಡಿದುಕೊಳ್ಳುತ್ತವೆ. ಎರಡು ಹೈಡ್ರೋಜನ್ ಬಂಧ. ಜೋಡಿ ಚೆನ್ನಾಗಿದೆ, ಆದರೆ ಮೂರನೆಯದು ಬಂದರೆ ಹಿಡಿಯಲು ಕೈ ಖಾಲಿ ಇಲ್ಲ ಅಲ್ವಾ? ಅಲ್ಲಿಗೇ ಬೆಳವಣಿಗೆ ನಿಲ್ಲುತ್ತದೆ.

ಒಂದು ಅಣು ಪ್ರೋಟಾನ್ ಬಿಟ್ಟುಕೊಟ್ಟು ಅಸಿಟೇಟ್ ಆದರೆ ಕಥೆಯೇ ಬೇರೆ. ಅದರ ಋಣ ಚಾರ್ಜ್ ಸುತ್ತಲಿನ ಅಣುಗಳನ್ನು ದೂರದಿಂದಲೇ ಸೆಳೆಯುತ್ತದೆ. ಮೊದಲು ಬಂದದ್ದರ ಹಿಡಿತ ಮಾಮೂಲಿ ಜೋಡಿಗಿಂತ ಸುಮಾರು ಎರಡು ಪಟ್ಟು. ಆಮೇಲೆ ಬಂದವುಗಳದ್ದು ಸಡಿಲ.

2016ರಲ್ಲಿ ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ‘ಕ್ಲೌಡ್’ ಎಂಬ ಪ್ರಯೋಗ ಪೈನ್ ಮರದ ಆವಿಯನ್ನು ಪರೀಕ್ಷಿಸಿತು. ಅಯಾನುಗಳು, ಅಂದರೆ ಚಾರ್ಜ್ ಇರುವ ಅಣುಗಳು, ಇದ್ದಾಗ ಅಣುಗಳು ಗುಂಪುಗೂಡಿ ಕಣ ಹುಟ್ಟುವ ವೇಗ 10ರಿಂದ 100 ಪಟ್ಟು ಜಾಸ್ತಿಯಾಯಿತು.