ಮೊಳೆ, ಅದಿರು, ಜೀನ್ಸ್
ಬಳ್ಳಾರಿಯ ಗುಂಪು ಕಲಾ ಪ್ರದರ್ಶನದಲ್ಲಿ ನೋಡಿದ್ದರ ಬಗ್ಗೆ ಕೇಳಿದ್ದೀರಿ: ಹರಿದ ಜೀನ್ಸ್ ಬಟ್ಟೆಗೆ ಕೆಂಪು ಅದಿರಿನ ಪುಡಿ ಮೆತ್ತಿ, ತುಕ್ಕು ಹಿಡಿದ ಮೊಳೆ ಹೊಡೆದಿದ್ದಾರೆ, ಇದರಲ್ಲೇನು ಅರ್ಥ ಅಂತ.

ಅರ್ಥ ಆಮೇಲೆ ಹುಡುಕೋಣ, ಮೊದಲು ಸಾಮಾನು ನೋಡಿ. ಜೀನ್ಸ್ ಹೊಲಿಗೆಗೆ ಬಳ್ಳಾರಿ ಹೆಸರುವಾಸಿ, ಅದು ನಿಮಗೇ ಗೊತ್ತು. ನನ್ನನ್ನು ಹಿಡಿದದ್ದು ಮೊಳೆ. ನಮ್ಮ ಸಂಡೂರು ಗುಡ್ಡಗಳ ಅದಿರು ಹೆಮಟೈಟ್, ಅಂದರೆ ಕಬ್ಬಿಣ ಮತ್ತು ಆಮ್ಲಜನಕ ಸೇರಿದ್ದು. ತುಕ್ಕೂ ಹೆಚ್ಚುಕಮ್ಮಿ ಅದೇ, ಜೊತೆಗೆ ಸ್ವಲ್ಪ ನೀರು. ಗುಡ್ಡ ಅಗೆದು, ಕುಲುಮೆಯಲ್ಲಿ ಕರಗಿಸಿ ಮಾಡಿದ ಮೊಳೆ ಮತ್ತೆ ಮಣ್ಣಾಗೋಕೆ ಹೊರಟಿದೆ! ಕಲಾವಿದರು ಇದನ್ನು ಯೋಚಿಸಿಯೇ ಮಾಡಿದರೋ ಇಲ್ಲವೋ, ಗೋಡೆ ಮೇಲೆ ಅದು ಇದೆ ಅಲ್ವಾ?

'ಸಿಕ್ಕಿದ್ದೆಲ್ಲ ಅಂಟಿಸಿದರೆ ಕಲೆನಾ' ಅಂದಿದ್ದೀರಿ. ಸ್ಪೇನ್‌ನ ಚಿತ್ರಕಾರ ಪಿಕಾಸೊ 1912ರಲ್ಲೇ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗ ಬಿಗಿದಿದ್ದರು. ಹಾಗಂತ ಅಂಟಿಸಿದ್ದೆಲ್ಲ ಚೆನ್ನಾಗಿರುತ್ತೆ ಅಂತಲ್ಲ. ಸುಮ್ನೆ ತುಂಬಿಸಿದ್ದೂ ಜಾಸ್ತಿ ಇರುತ್ತೆ.

ಕಲಾವಿದರು ಅಲ್ಲೇ ಸಿಕ್ಕರೆ ಅರ್ಥ ಕೇಳಬೇಡಿ. ಆ ಪ್ಯಾಂಟ್ ಯಾರದು ಅಂತ ಕೇಳಿ.